ಸುತ್ತು ಬಸ್ಸಿನ ಕುರಿ ಸಾಹೇಬರು

ನಂಜನಗೂಡಿನ ಹೊರಗಿನ ರುದ್ರಭೂಮಿಯಲ್ಲಿ ಕುರಿ ಸಾಹೇಬರನ್ನು ಕೂರಿಸಿ ಮಣ್ಣು ಮಾಡುವಾಗ ನಾನು ಎಲ್ಲರಿಗಿಂತ ಹಿಂದೆ, ಬೇವಿನ ಮರದಡಿ ನಿಂತಿದ್ದೆ. ಬೆಳಗ್ಗೆ ಎರಡು ಸಲ ಸ್ನಾನ ಮಾಡಿಕೊಂಡು ಹೋಗಿದ್ದೆ. ಆದರೂ ನನ್ನ ಕೈಯ ವಾಸನೆ ನನಗೇ ಬರುತ್ತಿತ್ತು. ಅವರ ಅಳಿಯ ಹತ್ತಿರ ಬಂದು, "ತಾವು ಯಾರು ಅಂತ ಗೊತ್ತಾಗಲಿಲ್ಲ" ಅಂದರು.

"ತಿ. ನರಸೀಪುರದವನು ಸಾ. ಪರಿಚಯ" ಅಂದೆ.

ಆ ಮನುಷ್ಯನ ಮುಖ ಅರಳಿತು. "ಓ, ಸಂಗಮದ ಕಡೆಯವರಾ? ರಿಟೈರ್ ಆದಮೇಲೆ ನಮ್ಮ ಮಾವ ಒಂದು ಭಾನುವಾರಾನೂ ತಪ್ಪಿಸ್ತಿರಲಿಲ್ಲ ನೋಡಿ. ಎದ್ದರೆ ಸಂಗಮ, ಹೊಳೆ ಸ್ನಾನ, ದೇವರ ದರ್ಶನ. ಅಂಥ ಭಕ್ತಿ ಈಗೆಲ್ಲಿ ಬರಬೇಕು?"

ನಾನು ಹೂಂ ಅಂತ ತಲೆಯಾಡಿಸಿದೆ. ಇನ್ನೇನು ಮಾಡಲಿ? ನಿಮ್ಮ ಮಾವ ಭಾನುವಾರ ಭಾನುವಾರ ಬರುತ್ತಿದ್ದದ್ದು ನನ್ನ ಮಟನ್ ಅಂಗಡಿಗೆ ಕಣ್ರೀ ಅಂತ, ಹೆಣದ ಮುಂದೆ ನಿಂತು ಹೇಳಲಾ?

ತಿನ್ನುವುದಕ್ಕಲ್ಲ ಮತ್ತೆ! ಮೊಟ್ಟೆ ಒಡೆದರೂ ಮೂಗು ಮುಚ್ಚಿಕೊಳ್ಳುವ ಲಿಂಗಾಯತ ಮನೆತನ ಅವರದು. ಬೆಳಗ್ಗೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಇಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತುವರು. ಇಲ್ಲಿ ಬಸ್‌ಸ್ಟ್ಯಾಂಡಿನಿಂದ ನಮ್ಮ ಬೀದಿಗೆ ತಿರುಗುವ ಮೂಲೆಯಲ್ಲಿ ನಿಂತು ಆ ವಿಭೂತಿಯನ್ನು ಕರ್ಚೀಫಿನಲ್ಲಿ ಒರೆಸಿಕೊಳ್ಳುವರು. ಅಂಗಡಿ ಪಕ್ಕದ ಪಂಕ್ಚರ್ ಶಾಪಿನ ಬೆಂಚಿನ ಮೇಲೆ ಕೂತು, ಪೇಪರು ಮುಖಕ್ಕೆ ಅಡ್ಡ ಹಿಡಿದು, ಗಿರಾಕಿಗಳು ಕರಗುವುದನ್ನೇ ಕಾಯುವರು. ಆಮೇಲೆ ಕಳ್ಳನ ಹಾಗೆ ಎದ್ದು ಬಂದು, "ನೋಡಬಹುದೇನಪ್ಪ?" ಅನ್ನುವರು. ಎಡಗೈಯನ್ನು ಎದೆಯ ಮೇಲೆ, ಅಂಗಿಯೊಳಗಿದ್ದ ಲಿಂಗದ ಕರಡಿಗೆಯ ಮೇಲೆ ಒತ್ತಿ ಹಿಡಿದಿರುವರು. ಬಲಗೈಯಲ್ಲಿ ನಾನು ಸಾಲಾಗಿ ಇಟ್ಟ ಕುರಿ ತಲೆಗಳ ತುಟಿ ಎತ್ತಿ ಕೆಳದವಡೆ ನೋಡುವರು. ನೋಡಿ ಮುಗಿದ ಮೇಲೆ ಕೈತೊಳೆದು, ನನಗೊಂದು ನಮಸ್ಕಾರ ಹಾಕಿ ಹೊರಟುಬಿಡುವರು.

ನನಗೆ ರೇಗುತ್ತಿತ್ತು. ಗಿರಾಕಿಗಳು ಒಂದು ಥರ ನೋಡುತ್ತಿದ್ದರು. ಒಬ್ಬ ಹೆಂಗಸು, "ಯಾಕಣ್ಣ, ಕಾಯ್ಲೆ ಕುರಿನಾ? ಆಫೀಸ್ರು ಬಂದವ್ರೆ" ಅಂತ ಬ್ಯಾಗು ಮಡಚಿಕೊಂಡು ಹೊರಟೇ ಹೋದಳು. ಆವತ್ತು ನನ್ನ ಬಾಯಿ ತಡೆಯಲಿಲ್ಲ. "ಸಾ, ತಗೊಳ್ಳಲ್ಲ, ತಿನ್ನಲ್ಲ, ಹೆಣ್ಣು ನೋಡೋಕೆ ಬಂದೋರಂಗೆ ಗದ್ದ ಎತ್ತಿ ಎತ್ತಿ ನೋಡ್ತೀರಿ. ನನ್ ಕುರಿಗೇನು ಗಂಡು ತಂದಿದ್ದೀರಾ?" ಅಂದುಬಿಟ್ಟೆ. ಪಂಕ್ಚರ್ ಶಾಪಿನವರೆಲ್ಲ ಗೊಳ್ಳೆಂದು ನಕ್ಕರು. ಸಾಹೇಬರ ಕಿವಿ ಕೆಂಪಾಯಿತು. ಬೆಂಚಿಗೆ ಹೋಗಿ ಕೂತರು. ನಾನು ಒಂದು ಟೀ ಹಿಡಿದುಕೊಂಡು ಹೋದೆ, ನಮ್ಮ ಬಾಯಿ ಕೆಟ್ಟದ್ದು, ಮನಸ್ಸೇನಲ್ಲ ನೋಡಿ. ಟೀ ತೆಗೆದುಕೊಂಡು, "ಈ ಅಂಗಡಿ ಮೊದಲು ನಿಮ್ಮಪ್ಪ ನಡೆಸ್ತಿದ್ದರಲ್ಲವಾ?" ಅಂದರು. ಹೌದು ಅಂದೆ. "ಹಾಗಾದರೆ ನಿನಗೆ ಹೇಳಲೇಬೇಕು" ಅಂದರು.

ಸಾಹೇಬರು ಹರೆಯದಲ್ಲಿ ಸರ್ಕಾರದ ಒಂದು ಕುರಿ ಫಾರಮ್ಮಿಗೆ ಆಫೀಸರಾಗಿದ್ದರು. ಆ ಫಾರಂ ಈಗಿಲ್ಲ. ನಮ್ಮ ಬನ್ನೂರು ಕುರಿ ಗೊತ್ತಲ್ಲ, ಗಿಡ್ಡ ಕಾಲು, ಪೀಪಾಯಿ ಮೈ, ಬಾಯಲ್ಲಿಟ್ಟರೆ ಕರಗುವ ಬಾಡು. ಎಲ್ಲ ಸರಿ, ಆದರೆ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ. ಹಳ್ಳಿ ಹಳ್ಳಿ ತಿರುಗಿ ಫಾರಮ್ಮಿಗೆ ಕುರಿ ಕೊಳ್ಳುವಾಗ ಹದಿನಾರು ಅನ್ನುವ ಊರಿನ ಒಂದು ಮನೆಯಲ್ಲಿ ಸಾಹೇಬರಿಗೆ ಒಂದು ಕುರಿ ಕಂಡಿತು. ಸೂಲು ಸೂಲಿಗೂ ಎರಡು ಮರಿ ಹಾಕುತ್ತಿತ್ತಂತೆ, ಎರಡಕ್ಕೂ ಸಾಕಾಗುವಷ್ಟು ಹಾಲು. "ಕುಣಿದುಬಿಟ್ಟೆ ಕಣಪ್ಪ" ಅಂದರು. ಅದನ್ನು ತಂದರು. ಅದರ ಹೆಣ್ಣು ಮರಿಗಳೂ ಎರಡೆರಡು ಹಾಕಿದವು. ಒಂದೆರಡು ಟಗರುಗಳನ್ನು ರೈತರಿಗೂ ಹಂಚಿದರು. ಎಲ್ಲರೂ ಶಭಾಷ್ ಅಂದರು.

ಆಮೇಲೆ ಅದರ ಮೊಮ್ಮಕ್ಕಳಲ್ಲಿ ಅಲ್ಲೊಂದು ಇಲ್ಲೊಂದು ಮರಿ ಕೆಳದವಡೆ ಇಲ್ಲದಷ್ಟು ಗಿಡ್ಡವಾಗಿ ಹುಟ್ಟತೊಡಗಿತು. ಮೊಲೆ ಚೀಪಲಾಗದು, ಸಾಯುವುದು. ತಾಯಿಯಲ್ಲಿ ನೋಡಿದರೆ ಏನೂ ಕಾಣದು, ತಂದೆಯಲ್ಲೂ ಕಾಣದು. ಎರಡೂ ಕಡೆಯಿಂದ ಬಂದು ಕೂಡಿದರೆ ಮಾತ್ರ ಮರಿಯಲ್ಲಿ ಎದ್ದು ಕಾಣುವ ದೋಷ ಅದು. ಸಾಹೇಬರು ಹುಡುಕಿ ಹುಡುಕಿ ಆ ಹದಿನಾರಿನ ಕುರಿಯ ಕಡೆಯಿಂದಲೇ ಬಂದದ್ದು ಅಂತ ಕಂಡುಹಿಡಿದರು. ತಾಯಿ, ಮಗಳು, ಅಕ್ಕ, ತಂಗಿ, ಟಗರು, ಚೆನ್ನಾಗಿದ್ದದ್ದು, ಇಲ್ಲದ್ದು ಅಂತ ನೋಡದೆ ಆ ವಂಶವನ್ನೇ ಹರಾಜು ಹಾಕಿಸಿದರು. ಹರಾಜಿನಲ್ಲಿ ಹಿಡಿದದ್ದು ನಮ್ಮಪ್ಪ. ಮಾರಿಹಬ್ಬಕ್ಕೆ ಗುಡ್ಡೆ ಬಾಡು ಹಾಕಿ ಊರಿಗೆಲ್ಲ ಹಂಚಿದ್ದೂ ನಮ್ಮಪ್ಪನೇ.

"ಆಮೇಲೆ ದವಡೆ ಇಲ್ಲದ ಮರಿ ಹುಟ್ಟಲಿಲ್ಲ" ಅಂದರು ಸಾಹೇಬರು. "ಆದರೆ ಎರಡು ಮರೀನೂ ಹುಟ್ಟಲಿಲ್ಲ. ಫಾರಂ ಕುರಿಗಳೆಲ್ಲ ಆಲೆಮನೆಯ ಅಚ್ಚಿನ ಬೆಲ್ಲದ ಹಾಗೆ ಒಂದೇ ಥರ ಆಗಿಬಿಟ್ಟವು. ನೀಲಿ ನಾಲಿಗೆ ರೋಗ ಬಂದ ವರ್ಷ ಒಂದು ಬಿದ್ದ ಹಾಗೇ ಎಲ್ಲ ಬಿದ್ದವು."

"ದವಡೆಗೂ ಎರಡು ಮರಿಗೂ ಏನ್ ಸಂಬಂಧ ಸಾ?"

"ಏನೂ ಇಲ್ಲ. ಅಕ್ಕಪಕ್ಕ ಕೂತಿದ್ದವು ಅಷ್ಟೆ." ಟೀ ಲೋಟ ಕೆಳಗಿಟ್ಟು ಬಸ್‌ಸ್ಟ್ಯಾಂಡಿನ ಕಡೆ ಕೈ ತೋರಿಸಿದರು. "ಗುಣಗಳೆಲ್ಲ ಬಸ್ಸಲ್ಲಿ ಕೂತ ಜನ ಅಂದುಕೋ. ಟಿಕೆಟ್ ಇಲ್ಲದೋನೊಬ್ಬ ಸಿಕ್ಕಿದ. ನಾನು ಅವನೊಬ್ಬನ್ನ ಇಳಿಸೋಕೆ ಗೊತ್ತಾಗದೆ ಬಸ್ಸನ್ನೇ ಹೊಳೆಗೆ ತಳ್ಳಿದೆ. ಪಕ್ಕದ ಸೀಟಲ್ಲಿ ಟಿಕೆಟ್ ತಗೊಂಡು ಮರ್ಯಾದೆಯಿಂದ ಕೂತಿದ್ದೋನೂ ಮುಳುಗಿದ. ಒಂದೊಂದು ಹುಟ್ಟೂ ಒಂದೊಂದು ಬಸ್‌ಸ್ಟ್ಯಾಂಡ್ ಕಣಪ್ಪ. ಅಲ್ಲಿ ಒಂದಷ್ಟು ಜನ ಇಳಿದು ಬೇರೆ ಬಸ್ಸು ಹತ್ತುತ್ತಾರೆ. ಪಕ್ಕಪಕ್ಕದಲ್ಲಿ ಕೂತೋರು ಬೇಗ ಅಗಲೋದಿಲ್ಲ. ಆದರೆ ಕಾದರೆ ಯಾವಾಗಲೋ ಒಂದು ಸಲ ಅಗಲುತ್ತಾರೆ. ಒಳ್ಳೆಯದು ಒಂದು ಕಡೆ, ಕೆಟ್ಟದ್ದು ಒಂದು ಕಡೆ. ನಾನು ಕಾಯಲಿಲ್ಲ."

ಆ ವಂಶದ ಒಂದೆಳೆ ರೈತರ ಹಟ್ಟಿಗಳಲ್ಲಿ ಎಲ್ಲಾದರೂ ಉಳಿದಿದ್ದರೆ, ಒಂದಲ್ಲ ಒಂದು ದಿನ ನಮ್ಮ ತಾಲ್ಲೂಕಿನ ಅಂಗಡಿಗೆ ಬಂದೇ ಬರುತ್ತದೆ ಅಂತ ಅವರ ಲೆಕ್ಕ. ದೋಷ ಅಲ್ಪಸ್ವಲ್ಪ ಇದ್ದು ಹೇಗೋ ಬದುಕಿಕೊಂಡ, ದವಡೆ ಕೂದಲೆಳೆಯಷ್ಟು ಗಿಡ್ಡ ಇರುವ ಒಂದು ತಲೆ ಸಿಕ್ಕರೂ ಸಾಕು, ಅದು ಬಂದ ಹಟ್ಟಿ ಹಿಡಿದು ಹೋಗಬಹುದು ಅಂತ. ಅದಕ್ಕೇ ಭಾನುವಾರದ ಸಂಗಮ ಯಾತ್ರೆ.

ನನಗೆ ನಮ್ಮಪ್ಪನ ಮಾತು ನೆನಪಾಯಿತು. ಅಂಗಡಿಯಲ್ಲಿ ನಿಂತು ಬಂದವರಿಗೆಲ್ಲ ಹೇಳುತ್ತಿದ್ದ: "ಫಾರಂ ಸಾಹೇಬ್ರೇ ಬ್ಯಾಡ ಅಂದ್ ಕಡ್ಸಿದ್ ಕುರಿ ಕಣ್ಲಾ, ಹದ್ನಾರಿನ ದವಡೆ ಮನೇದು." ಬಾಡಿನ ಪೊಟ್ಟಣದ ಜೊತೆ ಆ ಮಾತೂ ಎರಡು ತಾಲ್ಲೂಕು ತಿರುಗಿತು. ಸಂತೆಯಲ್ಲಿ ಬಡಕಲು ಕುರಿ ಕಂಡರೆ ಈಗಲೂ "ಇದೇನ್ಲಾ ದವಡೆ ಮನೆ ಕುರಿ" ಅಂತಲೇ ನಾವು ಚೌಕಾಸಿ ಶುರು ಮಾಡುವುದು. ಅದೊಂದು ನಿಜವಾದ ಮನೆ, ಅಲ್ಲಿ ಜನ ಇದ್ದಾರೆ ಅಂತ ಆವತ್ತಿನವರೆಗೂ ನನ್ನ ತಲೆಗೆ ಬಂದಿರಲಿಲ್ಲ.

ಅಂದಿನಿಂದ ಸಾಹೇಬರಿಗೆ ನನ್ನ ಅಂಗಡಿಯಲ್ಲಿ ಒಂದು ಸ್ಟೂಲು ಸಿಕ್ಕಿತು. ಒಳಗೆ ಕೂರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ನಾನೇ ಹಾಕಿಸಿದೆ. ಅವರಿಗೊಂದು ಮಾತಿತ್ತು: "ಇದರ ಜೊತೆ ಇನ್ನೇನು ಹೋಗುತ್ತೆ, ನೋಡಿದ್ಯಾ?" ನನ್ನ ಹೆಂಡತಿ ಹಳದಿ ಬಿದ್ದ ಕೊತ್ತಂಬರಿ ಕಟ್ಟು ಎಸೆದರೆ, ಅದನ್ನೆತ್ತಿ ಬಿಡಿಸುತ್ತ ಕೂತು ಅರ್ಧ ಕಟ್ಟು ಹಸಿರು ವಾಪಸ್ಸು ಕೊಡುವರು, ಇದೇ ಮಾತು ಹೇಳುವರು. ಕುಡಿದು ಬರುತ್ತಾನೆ ಅಂತ ನನ್ನ ಕೆಲಸದವನನ್ನು ಓಡಿಸಲು ಹೊರಟಾಗಲೂ ಇದೇ ಮಾತು. ನಾನು ಕೇಳಲಿಲ್ಲ, ಓಡಿಸಿದೆ. ಅವನ ಜೊತೆ ಅವನು ಮಾತಾಡಿಸಿ ನಗಿಸುತ್ತಿದ್ದ ಅರ್ಧ ಗಿರಾಕಿಗಳೂ ಹೋದರು.

ಇನ್ನೊಂದು ವಿಚಿತ್ರ ಇತ್ತು. ನಂಜನಗೂಡಿನಿಂದ ನಮ್ಮೂರಿಗೆ ಹದಿನಾರಿನ ಕಡೆಯಿಂದ ನೇರ ಬಸ್ಸಿದೆ. ಸಾಹೇಬರು ಅದು ಎದುರಿಗೆ ಬಂದು ನಿಂತರೂ ಹತ್ತುತ್ತಿರಲಿಲ್ಲ. ಮೈಸೂರಿಗೆ ಹೋಗಿ, ಅಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಮೂರು ಮೂಲೆ ಸುತ್ತಿ ಬೆವರು ಸುರಿಸಿಕೊಂಡು ಬರುವರು. "ಯಾಕ್ ಸಾ, ಸರ್ಕಾರಿ ಬಸ್ಸು ಉದ್ಧಾರ ಮಾಡ್ತೀರಾ?" ಅಂತ ನಾನು ಗೇಲಿ ಮಾಡುತ್ತಿದ್ದೆ. ಒಂದು ದಿನ ಹೇಳಿದರು. ಆ ಮನೆ ರಸ್ತೆಗೆ ಅಂಟಿಕೊಂಡೇ ಇದೆ. ಕುರಿ ಕೊಳ್ಳುವಾಗ ಆ ಮನೆ ಯಜಮಾನನಿಗೆ, ಫಾರಮ್ಮಿನಲ್ಲಿ ಹುಟ್ಟಿದ ಒಂದು ಜೋಡಿ ಮರಿ ವಾಪಸ್ಸು ತಂದುಕೊಡ್ತೀನಿ ಅಂತ ಮಾತು ಕೊಟ್ಟಿದ್ದರು. ಮರಿ ಕೊಡಲಿಲ್ಲ. ಅದರ ಬದಲು ಜೀಪಿನಲ್ಲಿ ಹೋಗಿ, ಊರ ಅರಳಿಕಟ್ಟೆಯ ಮೇಲೆ ನಿಂತು, "ಆ ಮನೆ ಕುರಿಯಲ್ಲಿ ದೋಷ ಇದೆ, ಯಾರೂ ತಗೋಬೇಡಿ" ಅಂತ ಸಾರಿ ಬಂದಿದ್ದರು. "ಡ್ಯೂಟಿ ಅಂದುಕೊಂಡೆ. ಯಜಮಾನ ಅಲ್ಲೇ ಟವಲ್ಲು ಕೈಯಲ್ಲಿ ಹಿಡಿದು ನಿಂತಿದ್ದ. ಯಾವ ಮುಖ ಹೊತ್ತು ಆ ರಸ್ತೇಲಿ ಹೋಗಲಿ? ಬಸ್ಸು ಅಲ್ಲೇ ಸ್ಲೋ ಮಾಡ್ತಾನೆ ಕಣಪ್ಪ, ಹಂಪ್ ಇದೆ."

ಕೊನೆಗೂ ಒಂದು ಸಲ ದೇವರು ಕಣ್ಣುಬಿಟ್ಟ ಅಂದುಕೊಂಡೆವು. ಬನ್ನೂರು ಸಂತೆಯಲ್ಲಿ ಕುರಿ ಸಾಕುವುದೇ ಬೇಡ ಅಂತ ಹಟ್ಟಿ ಖಾಲಿ ಮಾಡುತ್ತಿದ್ದ ಒಬ್ಬ ನನಗೊಂದು ತಾಯಿ ಕುರಿ ಕೊಟ್ಟ. ಜೊತೆಗೆ ಒಂದೇ ಸೂಲಿನ ಎರಡು ಮರಿ, ಒಂದು ಗಂಡು, ಒಂದು ಹೆಣ್ಣು. ಹಿಂದಿನ ಸಲಾನೂ ಎರಡು ಹಾಕಿತ್ತು ಅಂದ. ಅವರಪ್ಪ ಯಾವುದೋ ಕಾಲದಲ್ಲಿ ಫಾರಮ್ಮಿನ ಟಗರು ತಂದಿದ್ದನಂತೆ. ನಾನು ಸಂತೆಯಿಂದಲೇ ಸಾಹೇಬರಿಗೆ ಫೋನು ಮಾಡಿದೆ. ಬಂದರು. ಮೂರರ ಬಾಯನ್ನೂ ತೆರೆದು, ಬೆರಳಾಡಿಸಿ, ಬೆಳಕಿಗೆ ತಿರುಗಿಸಿ ನೋಡಿದರು. ದವಡೆ ಸರಿಯಾಗಿತ್ತು. "ಅದೇ ವಂಶ ಅಂತ ಆಣೆ ಇಟ್ಟು ಹೇಳಲಾರೆ. ಒಳ್ಳೇದು ಕೆಟ್ಟದ್ದು ಅಗಲಿವೆ ಅಂತಲೂ ಹೇಳಲಾರೆ. ಕಾಣೋದು ಬೇರೆ, ಒಳಗಿರೋದು ಬೇರೆ" ಅಂದರು. ಆದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಲೇ ಇದ್ದರು.

ಮರಿಗಳು ಹಾಲು ಬಿಡುವ ತನಕ ನಮ್ಮ ಹಿತ್ತಿಲಲ್ಲೇ ಇದ್ದವು. ಆಮೇಲೆ ಒಂದು ಮಧ್ಯಾಹ್ನ ಲಗೇಜ್ ಆಟೋದಲ್ಲಿ ಹಾಕಿಕೊಂಡು ಇಬ್ಬರೂ ಹದಿನಾರಿಗೆ ಹೊರಟೆವು, ನೇರ ರಸ್ತೆಯಲ್ಲೇ. ದಾರಿಯುದ್ದಕ್ಕೂ ಸಾಹೇಬರು ಸ್ಕೂಲಿಗೆ ಲೇಟಾದ ಹುಡುಗನ ಹಾಗೆ ಏನು ಹೇಳಬೇಕು ಅಂತ ಬಾಯಿಪಾಠ ಮಾಡುತ್ತಿದ್ದರು.

ಯಜಮಾನ ಎಂದೋ ತೀರಿಕೊಂಡಿದ್ದ. ಮನೆಯಲ್ಲಿ ಇದ್ದದ್ದು ಅವನ ಮಗಳು, ತಲೆ ನೆರೆತ ಹೆಂಗಸು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ಸೆರಗಿನ ತುದಿಯನ್ನು ಗದ್ದಕ್ಕೆ ಅಡ್ಡ ಹಿಡಿದೇ ಮಾತಾಡಿದಳು. ಹಲ್ಲು ಬಿದ್ದಿರಬೇಕು, ನಾಚಿಕೆ ಅಂದುಕೊಂಡೆ ನಾನು. ಸಾಹೇಬರು ಯಾರು ಅಂತ ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು.

"ಮರಿ ತಂದ್ರಾ? ನಮ್ಮಪ್ಪ ಸಾಯಗಂಟ ಜೀಪ್ ಬತ್ತದೆ ಬತ್ತದೆ ಅಂತ ಕಾಯ್ತಿದ್ದ" ಅಂದಳು. ಮರಿಗಳ ಬೆನ್ನು ಸವರಿದಳು. ನಮ್ಮಿಬ್ಬರಿಗೂ ಮಜ್ಜಿಗೆ ಕೊಟ್ಟಳು. ಸಾಹೇಬರು ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದರು. ದವಡೆ, ಎರಡು ಮರಿ, ಅವಸರ, ತಪ್ಪು, ಎಲ್ಲ. ಅವಳು ತಾಳ್ಮೆಯಿಂದ ಕೇಳಿದಳು.

"ಕುರಿ ಓಗ್ಲಿ ಬುಡಿ ಸಾ. ಒಂದ್ ಮಾತು, ಒಟ್ಟೆಗಾಕಳಿ. ನೀವು ಕಟ್ಟೆ ಮ್ಯಾಲೆ ನಿಂತ್ಕಂಡು ನಮ್ ಮನೆ ಕುರಿ ತಗಬ್ಯಾಡಿ ಅಂದ್ರಿ. ಜನ ಎಣ್ಣೂ ತಗಳ್ಳಿಲ್ಲ."

ಸಾಹೇಬರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಗಂಡಿನ ಕಡೇರು ಬರೋರು. ಕಾಪಿ ಕುಡಿಯೋರು. ಆಮೇಕೆ ಎಲ್ರೂ ನನ್ ಗದ್ದ ನೋಡೋರು. ಇತ್ತಾಗ್ ತಿರಿಕ್ಕವ್ವ, ಅತ್ತಾಗ್ ತಿರಿಕ್ಕವ್ವ ಅನ್ನೋರು. ಸೆರಗ್ ಅಡ್ಡ ಇಟ್ಕಂಡ್ ಕೂತ್ಕ ಅನ್ನೋನು ನಮ್ಮಪ್ಪ. ಅಡ್ಡ ಇಟ್ಕಂಡ್ರೆ, ಏನೋ ಅದೆ ಅದ್ಕೇ ಮುಚ್ಕಂಡವ್ಳೆ ಅಂತ ಎದ್ದೋಗೋರು. ದವಡೆ ಮನೆ ಎಣ್ಣು ಅಂತ ಎಸ್ರಾಗೋಯ್ತು. ಆ ಎಸ್ರು ಯಾರ್ ಇಟ್ರೋ ನಾ ಕಾಣೆ."

ನಾನು ಮಜ್ಜಿಗೆ ಲೋಟದೊಳಗೆ ನೋಡುತ್ತ ಕೂತೆ. ಥೂ, ಆ ಹೆಸರು ಇಟ್ಟದ್ದು ನಮ್ಮಪ್ಪನೇ ಕಣಕ್ಕ ಅಂತ ಹೇಳಲು ನನಗೆ ನಾಲಿಗೆ ಏಳಲಿಲ್ಲ.

"ನನಗೆ ಗೊತ್ತಾಗಲೇ ಇಲ್ಲವಲ್ಲ ತಾಯಿ" ಅಂದರು ಸಾಹೇಬರು. ಅವರ ಕೈ ಎದೆಗೆ ಹೋಗಿತ್ತು.

"ನಿಮ್ಗೆಂಗ್ ಗೊತ್ತಾದದು ಸಾ? ನೀವು ಈ ದಾರಿಗೇ ಬರ್ನಿಲ್ವಲ್ಲ."

ನಾನು ಸಾಹೇಬರ ಮುಖ ನೋಡಲಾಗದೆ ಮರಿಗಳ ಕಡೆ ತಿರುಗಿದೆ. ಸುತ್ತು ಬಸ್ಸಿನಲ್ಲಿ ಇಷ್ಟು ವರ್ಷ ಅವರು ನಾಚಿದ್ದು ಕುರಿಯ ವಿಷಯಕ್ಕೆ. ಅದರ ಪಕ್ಕದಲ್ಲೇ ಒಂದು ಹೆಣ್ಣಿನ ಬಾಳೂ ಹೋಗಿತ್ತು. ಅದನ್ನು ಅವರು ನೋಡಿರಲಿಲ್ಲ.

"ಈಗ ನಾನೇನು ಮಾಡಲಿ?" ಅಂದರು.

"ಅದೇ ಕಟ್ಟೆ ತಾವ್ಕೆ ಓಗಿ ಒಂದ್ ಮಾತ್ ಏಳಿ. ಆ ಮನೆ ಕುರಿ ಸರ್ಯಾಗಿದ್ವು ಅಂತ ಏಳಿ."

"ತಾಯಿ, ದೋಷ ಇದ್ದದ್ದು ನಿಜ..."

"ಇರ್ಲಿ. ಇರ್ನಿಲ್ಲ ಅಂತ ಏಳಿ. ಸುಳ್ಳಾದ್ರೂ ಏಳಿ ಸಾ."

ಸಂಜೆ ಹಾಲಿನ ಹೊತ್ತು. ಅರಳಿಕಟ್ಟೆಗೆ ಅಂಟಿಕೊಂಡೇ ಈಗ ಡೈರಿ ಇದೆ. ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು, ಅರ್ಧ ಜನ ಮೊಬೈಲು ನೋಡುತ್ತ. ಅವಳೂ ಕ್ಯಾನು ಹಿಡಿದು ಸಾಲಿನ ಕೊನೆಯಲ್ಲಿ ನಿಂತಳು. ಸಾಹೇಬರು ಕಟ್ಟೆಯ ಪಕ್ಕ ಚಪ್ಪಲಿ ಬಿಟ್ಟು, ಮೇಲೆ ಹತ್ತಿ, ಕೈ ಮುಗಿದರು. ಆಣೆ ಇಟ್ಟು ಹೇಳಲಾರೆ ಅನ್ನುತ್ತಿದ್ದ ಆ ಮನುಷ್ಯ, ಕಾಣೋದು ಬೇರೆ ಒಳಗಿರೋದು ಬೇರೆ ಅನ್ನುತ್ತಿದ್ದ ಆ ಮನುಷ್ಯ, ಗಂಟಲು ಸರಿಮಾಡಿಕೊಂಡು ಹೇಳಿದರು: "ಹಿಂದೆ ನಾನು ಇಲ್ಲಿ ನಿಂತು ಒಂದು ಮಾತು ಹೇಳಿದ್ದೆ. ಅದು ತಪ್ಪು. ರಸ್ತೆ ಪಕ್ಕದ ಆ ಮನೆ ಕುರಿ ಸರಿಯಾಗಿದ್ದವು. ಅವುಗಳಲ್ಲಿ ಯಾವ ದೋಷವೂ ಇರಲಿಲ್ಲ. ನಾನೇ ಸರಿಯಾಗಿ ನೋಡಲಿಲ್ಲ. ಕ್ಷಮಿಸಿ."

"ಯಾವ್ ಕುರಿ ತಾತ?" ಅಂದ ಒಬ್ಬ ಹುಡುಗ. ಇನ್ನೊಬ್ಬ ನಕ್ಕ. ಕಟ್ಟೆಯ ಆ ತುದಿಯಲ್ಲಿ ಕೂತಿದ್ದ ಒಬ್ಬ ಮುದುಕ ಮಾತ್ರ ತಲೆಯೆತ್ತಿ, "ಓ, ದವಡೆ ಮನೇದಾ?" ಅಂದ, ಎಲ್ಲರಿಗೂ ಕೇಳಿಸುವ ಹಾಗೆ. ಸಾಲಿನಲ್ಲಿದ್ದ ಹುಡುಗರು ಒಮ್ಮೆಗೇ ತಿರುಗಿ ಅವಳನ್ನು ನೋಡಿದರು. ಅವಳ ಸೆರಗು ಗದ್ದದ ಮೇಲೆ ಇನ್ನಷ್ಟು ಬಿಗಿಯಾಯಿತು.

ವಾಪಸ್ಸು ಬರುವಾಗ ಆ ಹಂಪ್ ದಾಟಿದ ಮೇಲೆ ಸಾಹೇಬರು ಒಂದೇ ಮಾತಾಡಿದರು. "ಸುಳ್ಳು ಹೇಳಿದೆ ಕಣಪ್ಪ. ಆ ಸುಳ್ಳನ್ನಾದರೂ ಆಗಲೇ ಹೇಳಬೇಕಿತ್ತು."

ಆಮೇಲೆ ಅವರು ನನ್ನ ಅಂಗಡಿಗೆ ಬರುವುದು ಕಮ್ಮಿಯಾಯಿತು. ಬಂದರೆ ನೇರ ಬಸ್ಸಿನಲ್ಲೇ ಬರುವರು, ವಿಭೂತಿ ಒರೆಸಿಕೊಳ್ಳುವುದನ್ನೂ ಬಿಟ್ಟರು. ಹಂಪಿನ ಹತ್ತಿರ ಬಸ್ಸು ನಿಧಾನ ಆದಾಗ ಕಿಟಕಿಯಿಂದ ಆ ಮನೆಗೆ ಕೈ ಮುಗಿಯುತ್ತೀನಿ ಅನ್ನುತ್ತಿದ್ದರು. ಮರಿಗಳು ಬೆಳೆದಿವೆ, ಮೈ ತುಂಬಿಕೊಂಡಿವೆ ಅನ್ನುವರು. "ಅಗಲಿದವು ಅಂತ ಕಾಣುತ್ತೆ ಕಣಪ್ಪ. ಈ ಸಲ ಅಗಲಿದವು." ಆ ನಂಬಿಕೆಯಲ್ಲೇ ಹೋದರು.

ಮಣ್ಣಿನ ಮಾರನೇ ದಿನ ಸುದ್ದಿ ಮುಟ್ಟಿಸಲು ನಾನೇ ಹದಿನಾರಿಗೆ ಹೋದೆ. ಕೂಗಿದರೆ ಉತ್ತರ ಬರಲಿಲ್ಲ. ಹಿತ್ತಿಲಿಗೆ ಹೋದೆ. ಅವಳು ಕೊಟ್ಟಿಗೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಳು. ಆಚೆ ಗೂಟದಲ್ಲಿ ನಾವು ಕೊಟ್ಟ ಗಂಡು ಮರಿ, ಈಗ ಟಗರು. ಪಕ್ಕದಲ್ಲಿ ಅದರ ಜೊತೆ ಹುಟ್ಟಿದ ಹೆಣ್ಣು ಮರಿ, ಈಗ ತಾಯಿಯಾಗಿ ನಿಂತಿತ್ತು. ಅದರ ಕೆಚ್ಚಲಿಗೆ ಒಂದು ಮರಿ ಬಾಯಿ ಹಾಕಿ ಬಾಲ ಆಡಿಸುತ್ತಿತ್ತು. ಇನ್ನೊಂದು ಅವಳ ತೊಡೆಯ ಮೇಲಿತ್ತು. ಅದಕ್ಕೆ ಕೆಳದವಡೆ ಇರಲಿಲ್ಲ. ಒಂದು ಕೈಯಲ್ಲಿ ಅದರ ಬಾಯಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನಿಪ್ಪಲ್ ಹಾಕಿದ ಬಾಟಲಿ ಹಿಡಿದು, ಹಸುವಿನ ಹಾಲನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದಳು.

"ಸಾಹೇಬ್ರು ಹೋಗ್ಬಿಟ್ರು ಕಣಕ್ಕ" ಅಂದೆ.

ಅವಳ ಕೈಯ ಬಾಟಲಿ ಅಲ್ಲಾಡಲಿಲ್ಲ. "ಇದ್ನ ನೋಡ್ದಂಗೆ ಓದ್ರಲ್ಲ, ಪುಣ್ಯ" ಅಂದಳು. ಆಮೇಲೆ ತಲೆಯೆತ್ತಿ, "ಅಣ್ಣ, ನಿಮ್ಗ್ ಕೈ ಮುಗೀತೀನಿ, ಅಂಗ್ಡೀಲಿ ಏಳ್ಬ್ಯಾಡಿ" ಅಂದಳು.

ಗೊತ್ತಿತ್ತು ಅವಳಿಗೆ. ಆ ಹೆಸರು ಯಾವ ಅಂಗಡಿಯಿಂದ ಹೊರಟದ್ದು ಅಂತ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಆವತ್ತು ನನಗೆ ಮಜ್ಜಿಗೆ ಕೊಟ್ಟಿದ್ದಳು.

"ಇಲ್ಲ ಕಣಕ್ಕ, ನಮ್ಮಮ್ಮನಾಣೆ" ಅಂದೆ. ಅನ್ನುವಾಗಲೇ ನನ್ನ ಕಣ್ಣಿಗೆ ಬಿತ್ತು, ಅವಳ ಎರಡು ಕೈಯೂ ಮರಿಯ ಮೇಲಿದ್ದವು, ಸೆರಗು ಜಾರಿ ಹೆಗಲ ಮೇಲೆ ಬಿದ್ದಿತ್ತು. ಅವಳ ಗದ್ದ ಕಾಣುತ್ತಿತ್ತು. ಎಲ್ಲರಿಗೂ ಇರುವಂಥ ಗದ್ದ. ಅವಳು ನನ್ನ ಕಣ್ಣು ಎಲ್ಲಿದೆ ಅಂತ ನೋಡಿದಳು, ಮರಿಯನ್ನು ಬಿಡಲಾರದೆ ಮುಖವನ್ನು ಗೋಡೆ ಕಡೆಗೆ ತಿರುಗಿಸಿಕೊಂಡಳು. ಕಾಫಿ ಕುಡಿದು ಎದ್ದು ಹೋದ ಅಷ್ಟು ಜನರ ಹಾಗೆ, ಹೋಗಿ ಹೋಗಿ ನಾನೂ ನೋಡಿಬಿಟ್ಟಿದ್ದೆ.